ಶೇ. 100 ಫಲಿತಾಂಶದ ಫಲಕವೂ ಗದುಗಿನ ಪುಟ್ಟಯ್ಯಜ್ಜನವರ ಶಾಲೆಯೂ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನವೇ ನಮ್ಮ ಊರುಗಳ ಶಾಲಾ ಗೇಟುಗಳಲ್ಲಿ ಬ್ಯಾನರುಗಳು ಮೇಲೇಳುತ್ತವೆ. ದಪ್ಪ ಅಕ್ಷರಗಳಲ್ಲಿ ‘ಶೇ. 100 ಫಲಿತಾಂಶ’, ಅದರ ಕೆಳಗೆ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರ. ವರ್ಷವಿಡೀ ದುಡಿದ ಶಿಕ್ಷಕರಿಗೆ ಇದು ಸಲ್ಲಬೇಕಾದ ಗೌರವವೇ ಸರಿ. ಆದರೆ ಆ ನೂರರ ಲೆಕ್ಕದೊಳಗೆ ಯಾವ ಯಾವ ಮಕ್ಕಳಿದ್ದಾರೆ, ಲೆಕ್ಕ ಶುರುವಾಗುವ ಮೊದಲೇ ಯಾರನ್ನು ಹೊರಗಿಟ್ಟಿದ್ದೇವೆ ಎಂದು ಕೇಳುವವರು ಕಡಿಮೆ. ಕಣ್ಣು ಕಾಣದ, ಕಿವಿ ಕೇಳದ, ಕಲಿಕೆಯಲ್ಲಿ ನಿಧಾನವಾದ ಮಗುವಿನ ತಂದೆತಾಯಿಗೆ ‘ನಮ್ಮಲ್ಲಿ ಅದಕ್ಕೆ ಸೌಲಭ್ಯ ಇಲ್ಲ’ ಎಂದು ನಯವಾಗಿ ಹೇಳಿ ಕಳುಹಿಸುವುದು, ಒಂಬತ್ತನೇ ತರಗತಿಯ ಕೊನೆಗೆ ‘ಓಪನ್ ಸ್ಕೂಲಿಗೆ ಕಟ್ಟಿಸಿಬಿಡಿ’ ಎಂದು ಸಲಹೆ ಕೊಡುವುದು ಹೊಸ ಸಂಗತಿಯೇನಲ್ಲ. ಇಂತಹ ಒಂದು ಮಗು ಹೊರಹೋದರೆ ಫಲಕದ ಮೇಲಿನ ನೂರು ನೂರಾಗಿಯೇ ಉಳಿಯುತ್ತದೆ.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲೇ ತರಬೇತಿ ಪಡೆದ ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿತು. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣವನ್ನೂ ಅದು ಎತ್ತಿಹಿಡಿಯಿತು. ಮೂರು ವರ್ಷ ಕಳೆದರೂ ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡುವುದರಲ್ಲೇ ಹಿಂದೆ ಬಿದ್ದಿದ್ದವು. ಆದ್ದರಿಂದ 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ ಖಾರವಾಗಿ ಮಾತನಾಡಿ, ಹುದ್ದೆಗಳ ಸಂಖ್ಯೆಯನ್ನು ಅಧಿಸೂಚನೆಯ ಮೂಲಕ ಪ್ರಕಟಿಸಿ ನೇಮಕಾತಿ ಆರಂಭಿಸುವಂತೆ ಎಲ್ಲ ರಾಜ್ಯಗಳಿಗೂ ಗಡುವು ಕೊಡಬೇಕಾಯಿತು. ಮಗುವಿಗೆ ಶಾಲೆಯಲ್ಲಿ ಜಾಗ ಕೊಟ್ಟರೆ ಸಾಲದು, ಅದಕ್ಕೆ ಕಲಿಸಬಲ್ಲ ಒಬ್ಬರು ಅಲ್ಲಿರಬೇಕು ಎಂಬುದು ಈ ಆದೇಶಗಳ ತಿರುಳು.

ಈ ಮಾತನ್ನು ಕಾನೂನು ಹೇಳುವುದಕ್ಕೆ ಬಹಳ ಮೊದಲೇ ಮಾಡಿ ತೋರಿಸಿದ ಒಬ್ಬ ಶಿಕ್ಷಕರು ನಮ್ಮ ರಾಜ್ಯದಲ್ಲೇ ಇದ್ದರು. ಅವರೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು. ಕರಾವಳಿಯ ನಮಗೆ ಅವರು ಸಂಗೀತಗಾರರೆಂದು, ಮಠದ ಅಜ್ಜನವರೆಂದು ಗೊತ್ತು. ಒಬ್ಬ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾಗಿ ಅವರು ಮಾಡಿದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಗದುಗಿನಲ್ಲಿ ನಡೆದದ್ದು

ಕಥೆ ಶುರುವಾಗುವುದು ಪುಟ್ಟರಾಜರ ಗುರುಗಳಿಂದ. ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಹುಟ್ಟು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗನ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಅವರು ಕರ್ನಾಟಕ ಸಂಗೀತವನ್ನೂ ಕಲಿತರು, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿಯನ್ನೂ ಕಲಿತರು. ವೀರಶೈವ ಮಠದ ಅಂಧ ಶಿಷ್ಯನಿಗೆ ಮುಸ್ಲಿಂ ಉಸ್ತಾದರು ವಿದ್ಯೆ ಧಾರೆಯೆರೆದರು. ಯಾರು ಯಾರಿಗೆ ಕಲಿಸಬೇಕು ಎಂಬ ಗೋಡೆ ಆ ಶಾಲೆಯ ಅಡಿಪಾಯದಲ್ಲೇ ಇರಲಿಲ್ಲ.

ಪುಟ್ಟರಾಜರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಅದೇ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ. ಹಸುಗೂಸಾಗಿದ್ದಾಗಲೇ ಅವರ ಕಣ್ಣು ಹೋಯಿತು. ಸೋದರಮಾವ ಹುಡುಗನನ್ನು ಸಾಕಿ, ಹಾರ್ಮೋನಿಯಂ ಮೇಲಿನ ಅವನ ಒಲವನ್ನು ಕಂಡು ಪಂಚಾಕ್ಷರ ಗವಾಯಿಗಳ ಬಳಿಗೆ ಕರೆತಂದರು. 1944ರಲ್ಲಿ ಗುರುಗಳು ತೀರಿಕೊಂಡಾಗ ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಆಶ್ರಮ ಬಿತ್ತು. 2010ರ ಸೆಪ್ಟೆಂಬರ್ 17ರಂದು, 96ರ ವಯಸ್ಸಿನಲ್ಲಿ ನಿಧನರಾಗುವವರೆಗೆ, ಅಂದರೆ 66 ವರ್ಷ, ಅವರು ಅದನ್ನು ನಡೆಸಿದರು. ಕೇಂದ್ರ ಸರ್ಕಾರ ಅದೇ 2010ರಲ್ಲಿ ಅವರಿಗೆ ಪದ್ಮಭೂಷಣ ನೀಡಿತ್ತು.

ಅಂಧ ಮಕ್ಕಳು, ಅನಾಥರು, ಬಡವರ ಮಕ್ಕಳು ಅಲ್ಲಿಗೆ ಬಂದರು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಹಣವೆಲ್ಲಿಂದ? ಭಕ್ತರ ಕಾಣಿಕೆಯ ಜೊತೆಗೆ ಆಶ್ರಮದ್ದೇ ನಾಟಕ ಮಂಡಳಿ ಊರೂರು ತಿರುಗಿತು. ಪುಟ್ಟರಾಜರು ತಾವೇ ನಾಟಕ ಬರೆದು ಸಂಗೀತ ಹೂಡಿದರು. ಮುಂದೆ ಭಕ್ತರು ನಡೆಸಿದ ಸಾವಿರಾರು ತುಲಾಭಾರಗಳ ಹಣವೂ ಅನ್ನದ ಕೊಪ್ಪರಿಗೆಗೆ ಸೇರಿತು. ಕನ್ನಡ, ಹಿಂದಿ, ಸಂಸ್ಕೃತ ಮೂರು ಭಾಷೆಗಳಲ್ಲೂ ಅವರು ಗ್ರಂಥಗಳನ್ನು ರಚಿಸಿದ್ದಾರೆ.

ಮೂರು ಪಾಠಗಳು

ಗದುಗಿನ ಶಾಲೆಯಿಂದ ಇಂದಿನ ಶಿಕ್ಷಣ ಚರ್ಚೆಗೆ ಬೇಕಾದ ಮೂರು ಅಂಶಗಳನ್ನು ನಾವು ಗುರುತಿಸುತ್ತೇವೆ.

ಮೊದಲನೆಯದು, ಅಲ್ಲಿ ಅಂಧ ಮಗುವಿಗೆಂದು ಸುಲಭದ ಪಾಠ ಇರಲಿಲ್ಲ. ಸ್ವರ ತಪ್ಪಿದರೆ ಕಣ್ಣಿದ್ದವನಿಗೂ ಇಲ್ಲದವನಿಗೂ ಒಂದೇ ತಿದ್ದುಪಡಿ. ಮಗುವಿನ ಮೇಲೆ ಕನಿಕರ ತೋರಿಸಿ ಬೆಂಚಿನ ಮೂಲೆಯಲ್ಲಿ ಕೂರಿಸುವ ಬದಲು, ಇವನು ಕಛೇರಿ ಮಾಡಬಲ್ಲ, ನಾಳೆ ಇನ್ನೊಬ್ಬರಿಗೆ ಕಲಿಸಬಲ್ಲ ಎಂಬ ನಿರೀಕ್ಷೆ ಇಟ್ಟುಕೊಂಡು ಕಲಿಸಲಾಯಿತು.

ಎರಡನೆಯದು, ಕಲಿಸುವ ದಾರಿ ಮಗುವಿಗೆ ತಕ್ಕಂತೆ ಇತ್ತು. ಕಣ್ಣಿಲ್ಲದವನಿಗೆ ಕಿವಿ, ಬೆರಳು, ನೆನಪು ಇವೇ ಪುಸ್ತಕ. ಪಾಠ ಹೇಳುವ ಗುರುವಿಗೂ ಕಣ್ಣಿಲ್ಲವಾದ್ದರಿಂದ ಮಗುವಿನ ಕಷ್ಟ ಎಲ್ಲಿದೆ ಎಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೂಡ ಬ್ರೈಲ್, ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಅವರಲ್ಲಿ ಸ್ವತಃ ಅಂಗವಿಕಲರಾದವರನ್ನೂ ನೇಮಿಸಿಕೊಳ್ಳಬೇಕು ಎನ್ನುತ್ತದೆ. ಗದುಗಿನಲ್ಲಿ ಅಂತಹ ಶಿಕ್ಷಕರೇ ಮುಖ್ಯಸ್ಥರಾಗಿದ್ದರು.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಣ್ಣಿದ್ದ ಮಕ್ಕಳೂ ಅಲ್ಲಿ ಕಲಿತರು. ಇಂದು ಹೆಸರಾಂತ ಹಿಂದೂಸ್ತಾನಿ ಗಾಯಕರಾಗಿರುವ ಪಂಡಿತ ಎಂ. ವೆಂಕಟೇಶ ಕುಮಾರ್ ಬಳ್ಳಾರಿ ಸೀಮೆಯ ಬಡ ಕುಟುಂಬದ ಹುಡುಗ. ಅವರ ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು 1968ರಲ್ಲಿ ಅವರನ್ನು ಗದುಗಿಗೆ ತಂದುಬಿಟ್ಟರು. ಹನ್ನೆರಡು ವರ್ಷ ಅವರು ಅಂಧ ಸಹಪಾಠಿಗಳ ಜೊತೆ ಉಂಡು, ಮಲಗಿ, ಅಂಧ ಗುರುವಿನಿಂದ ಕಲಿತರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂದು ನಾವು ‘ಸಮನ್ವಯ ಶಿಕ್ಷಣ’ ಎಂದು ಕರೆಯುವುದು, ಅಂದರೆ ಎಲ್ಲ ಮಕ್ಕಳೂ ಒಂದೇ ಸೂರಿನಡಿ ಕಲಿಯುವುದು, ಅಲ್ಲಿ ಹೆಸರಿಲ್ಲದೆಯೇ ನಡೆಯುತ್ತಿತ್ತು. ಅಂಧ ಮಕ್ಕಳು ಜೊತೆಗಿದ್ದರೆ ಉಳಿದವರ ಕಲಿಕೆಗೆ ತೊಂದರೆಯಾಗುತ್ತದೆ ಎಂಬ ವಾದಕ್ಕೆ ವೆಂಕಟೇಶ ಕುಮಾರರ ಗಾಯನವೇ ಉತ್ತರ.

ಸಂಗೀತದ ಆಚೆಗೆ

ಗದುಗಿನ ಮಾದರಿಗೂ ಮಿತಿಗಳಿವೆ. ಸಂಗೀತ ಎಲ್ಲ ಅಂಧರ ದಾರಿಯಲ್ಲ. ಕಿವಿ ಕೇಳದ ಮಗುವಿಗಾಗಲಿ ಬುದ್ಧಿಮಾಂದ್ಯ ಮಗುವಿಗಾಗಲಿ ಅದು ಒದಗುವುದೂ ಇಲ್ಲ. ಅಂಧರೆಂದರೆ ಹಾಡುವವರು, ಕುರ್ಚಿ ಹೆಣೆಯುವವರು ಎಂಬ ಹಳೆಯ ಕಲ್ಪನೆಯನ್ನು ದಾಟಲು ಇನ್ನೊಂದು ಪೀಳಿಗೆಯೇ ಬೇಕಾಯಿತು. ಬೆಳಗಾವಿ ಜಿಲ್ಲೆಯಿಂದ ಬಂದ ಜಿ.ಕೆ. ಮಹಾಂತೇಶ್ ಆ ಪೀಳಿಗೆಯವರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರು ತಮ್ಮಂತೆಯೇ ದೃಷ್ಟಿಯಿಲ್ಲದ ಗೆಳೆಯ ಎಸ್.ಪಿ. ನಾಗೇಶ್ ಅವರ ಜೊತೆ 1997ರಲ್ಲಿ ಬೆಂಗಳೂರಿನಲ್ಲಿ ‘ಸಮರ್ಥನಂ’ ಸಂಸ್ಥೆ ಕಟ್ಟಿದರು. ಶಾಲೆ, ಹಾಸ್ಟೆಲು, ಕಂಪ್ಯೂಟರ್ ತರಬೇತಿ, ಉದ್ಯೋಗ ಎಂದು ಅದರ ಕೆಲಸ ಬೆಳೆಯಿತು. ಅಂಧರ ಕ್ರಿಕೆಟ್ಟಿನ ಮೊದಲ ಟಿ-20 ವಿಶ್ವಕಪ್ 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದರ ಹಿಂದೆಯೂ ಅವರ ದುಡಿಮೆಯಿದೆ. 2025ರ ನವೆಂಬರ್‌ನಲ್ಲಿ ನಡೆದ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ದೇಶವೇ ಚಪ್ಪಾಳೆ ತಟ್ಟಿತು.

ಚಪ್ಪಾಳೆ ತಟ್ಟುವುದು ಸುಲಭ. ಆ ಆಟಗಾರ್ತಿಯರಂತಹ ಒಬ್ಬ ಹುಡುಗಿ ನಮ್ಮ ಊರಿನ ಶಾಲೆಯ ಬಾಗಿಲಿಗೆ ಬಂದಾಗ ನಾವೇನು ಹೇಳುತ್ತೇವೆ ಎಂಬುದು ಕಷ್ಟದ ಪ್ರಶ್ನೆ.

ಕಾನೂನು ಏನು ಕೊಟ್ಟಿದೆ?

1995ರ ಹಳೆಯ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ, ಆಟಿಸಂ, ಬಹು ಅಂಗವಿಕಲತೆ ಎಲ್ಲವೂ ಇದರಲ್ಲಿವೆ. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ, ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಪಡೆಯಬಹುದು. ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ.

ನ್ಯಾಯಾಲಯವೂ ಇತ್ತೀಚೆಗೆ ಒಂದೊಂದೇ ಬಾಗಿಲು ತೆರೆಯುತ್ತಿದೆ. ಶೇಕಡಾವಾರು ಅಂಗವಿಕಲತೆಯ ಲೆಕ್ಕವೊಂದನ್ನೇ ನೋಡಿ ವೈದ್ಯಕೀಯ ಸೀಟು ನಿರಾಕರಿಸುವಂತಿಲ್ಲ, ಅಭ್ಯರ್ಥಿ ಓದಬಲ್ಲನೇ ಎಂದು ನೋಡಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದೃಷ್ಟಿಯಿಲ್ಲ ಎಂಬ ಕಾರಣಕ್ಕೆ ನ್ಯಾಯಾಧೀಶ ಹುದ್ದೆಯಿಂದ ಯಾರನ್ನೂ ಹೊರಗಿಡುವಂತಿಲ್ಲ ಎಂದು 2025ರ ಮಾರ್ಚ್‌ನಲ್ಲಿ ಹೇಳಿತು. ಮೇಲಿನ ಮೆಟ್ಟಿಲುಗಳು ಹೀಗೆ ತೆರೆದುಕೊಳ್ಳುತ್ತಿವೆ. ಆದರೆ ಮೊದಲ ಮೆಟ್ಟಿಲಾದ ಊರಿನ ಶಾಲೆಯಲ್ಲೇ ಮಗು ಉಳಿಯದಿದ್ದರೆ ಈ ತೀರ್ಪುಗಳಿಂದ ಯಾರಿಗೆ ಲಾಭ?

ಮೊಸಳೆಯಿಂದ ಮೊಸಳೆ ಹೊಸಹಳ್ಳಿಗೆ

ಕಾನೂನು ನೆಲದ ಮೇಲೆ ಹೇಗೆ ನಡೆಯಬೇಕು ಎಂದು ತಿಳಿಯಲು ಒಂದು ಸಾಮಾನ್ಯ ಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸನ ಪಟ್ಟಣದ ದಕ್ಷಿಣಕ್ಕೆ ಮೊಸಳೆ ಎಂಬ ಊರಿದೆ. ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಹೊಯ್ಸಳರ ಜೋಡಿ ದೇವಾಲಯಗಳಿಂದ ಅದು ಪ್ರಸಿದ್ಧ. ನಮ್ಮ ಓದುಗರಲ್ಲಿ ಅನೇಕರ ನೆಂಟರು ಸಕಲೇಶಪುರದ ಕಾಫಿ ಸೀಮೆಯಲ್ಲಿ, ಹಾಸನ ಪೇಟೆಯಲ್ಲಿ ನೆಲೆಸಿದ್ದಾರೆ. ಆ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದ್ದರಿಂದ ಆ ಸೀಮೆ ನಮಗೆ ದೂರದ್ದಲ್ಲ.

ಮೊಸಳೆಯಲ್ಲಿ ದೃಷ್ಟಿ ಮಂದವಾದ ಆರು ವರ್ಷದ ಒಬ್ಬ ಹುಡುಗಿ ಇದ್ದಾಳೆಂದು ಊಹಿಸಿಕೊಳ್ಳಿ. ಆಕೆಯನ್ನು ಮೊದಲು ಗುರುತಿಸಬೇಕಾದವರು ಅಂಗನವಾಡಿ ಕಾರ್ಯಕರ್ತೆ ಮತ್ತು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೇ ತಂದೆತಾಯಿಯನ್ನು ಹಾಸನದ ಆಸ್ಪತ್ರೆಗೆ ಕಳುಹಿಸಿ ತಪಾಸಣೆ ಮಾಡಿಸಿ, ಯು.ಡಿ.ಐ.ಡಿ. ಗುರುತಿನ ಚೀಟಿ ಸಿಗುವಂತೆ ನೋಡಿಕೊಳ್ಳಬೇಕು. ಊರಿನ ಶಾಲೆಗೆ ಸೇರಿದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಡಿ ಕೆಲಸ ಮಾಡುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಬಂದು ತರಗತಿಯ ಶಿಕ್ಷಕರಿಗೆ ದಾರಿ ತೋರಿಸಬೇಕು. ದೊಡ್ಡಕ್ಷರದ ಪುಸ್ತಕವೋ ಬ್ರೈಲೋ ಎಂದು ತೀರ್ಮಾನಿಸಬೇಕು. ದೊಡ್ಡವಳಾದಂತೆ ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲೂ ಓದಿ ಹೇಳುವ ಎನ್.ವಿ.ಡಿ.ಎ.ಯಂತಹ ಉಚಿತ ತಂತ್ರಾಂಶವನ್ನು ಕಲಿಸಬೇಕು.

ಪಕ್ಕದ ಮೊಸಳೆ ಹೊಸಹಳ್ಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಶೇ. 5ರ ನಿಯಮ ಅಂತಹ ಕಾಲೇಜಿಗೂ ಅನ್ವಯಿಸುತ್ತದೆ. ಊರಿನ ಪ್ರಾಥಮಿಕ ಶಾಲೆಯಿಂದ ಆ ಕಾಲೇಜಿಗೆ ರಸ್ತೆಯ ದೂರ ಸ್ವಲ್ಪವೇ. ಆದರೆ ಈ ಹುಡುಗಿ ಆ ದೂರವನ್ನು ಕ್ರಮಿಸಲು ಹನ್ನೆರಡು ವರ್ಷ, ದಾರಿಯ ಒಂದೊಂದು ಮಜಲಿನಲ್ಲೂ ಒಬ್ಬೊಬ್ಬರು ತಮ್ಮ ಕೆಲಸ ಮಾಡಬೇಕು. ಸಂಪನ್ಮೂಲ ಶಿಕ್ಷಕರೊಬ್ಬರು ಇಡೀ ತಾಲೂಕಿನ ಶಾಲೆಗಳನ್ನು ಸುತ್ತಬೇಕಾದರೆ ಒಂದು ಮಗುವಿಗೆ ಸಿಗುವ ಸಮಯ ಎಷ್ಟು? ಮಗು ಹಾಜರಿ ಪುಸ್ತಕದಲ್ಲಿರುತ್ತದೆ, ವರ್ಷ ವರ್ಷ ಮುಂದಿನ ತರಗತಿಗೂ ಹೋಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಸರ್ಕಾರಿ ಅಂಕಿಅಂಶದಲ್ಲಿ ಅದು ದಾಖಲಾತಿ. ಮಗುವಿನ ಬಾಳಿನಲ್ಲಿ ಅದು ಕಳೆದುಹೋದ ಹತ್ತು ವರ್ಷ. ವಿಶೇಷ ಶಿಕ್ಷಕರ ನೇಮಕಾತಿಗೆ ನ್ಯಾಯಾಲಯ ಇಷ್ಟು ಒತ್ತು ಕೊಟ್ಟಿರುವುದು ಇದೇ ಕಾರಣಕ್ಕೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಲಾಗಿತ್ತು. ಅಂದಿನ ಗಣತಿಯ ಬಗೆಗಳು ಎಂಟೇ ಆಗಿದ್ದುದರಿಂದ 21 ಬಗೆಗಳ ಲೆಕ್ಕದಲ್ಲಿ ಸಂಖ್ಯೆ ಇನ್ನೂ ಹೆಚ್ಚೇ ಆಗುತ್ತದೆ.

ನಮ್ಮ ಶಾಲೆಗಳ ಮಾತು

ಸರ್ಕಾರವನ್ನು ಪ್ರಶ್ನಿಸಿದ ಮೇಲೆ ನಮ್ಮ ಕಡೆಗೂ ನೋಡಬೇಕಾಗುತ್ತದೆ. ಕರಾವಳಿಯ ಕ್ರೈಸ್ತ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರ ಸೇವೆ, ಕಥೊಲಿಕ್ ಸಭಾ ಉಡುಪಿ ಪ್ರದೇಶ್ ನಡೆಸುವ ಪಾಂಬೂರಿನ ಮಾನಸ ಕೇಂದ್ರ, ಕಂಕನಾಡಿಯ ಫಾದರ್ ಮುಲ್ಲರ್ ವಾಕ್ ಮತ್ತು ಶ್ರವಣ ಕಾಲೇಜು ಇವೆಲ್ಲ ಸಾವಿರಾರು ಕುಟುಂಬಗಳಿಗೆ ಆಸರೆಯಾಗಿವೆ. ತೀವ್ರ ಸಮಸ್ಯೆಯುಳ್ಳ ಮಕ್ಕಳಿಗೆ ವಿಶೇಷ ಶಾಲೆ ಬೇಕೇ ಬೇಕು. ಆದರೆ ಇಂತಹ ಸಂಸ್ಥೆಗಳಿವೆ ಎಂಬುದೇ ನಮ್ಮ ಸಾಮಾನ್ಯ ಶಾಲೆಗಳಿಗೆ ನೆಪವಾಗಬಾರದು. ಕಾಲು ಎಳೆದು ನಡೆಯುವ ಮಗು, ಶ್ರವಣ ಸಾಧನ ಹಾಕಿಕೊಂಡ ಮಗು, ಅಕ್ಷರಗಳು ತಿರುವುಮುರುವಾಗಿ ಕಾಣುವ ಮಗು ಇವರೆಲ್ಲ ಧರ್ಮಕೇಂದ್ರದ ಪಕ್ಕದ ಶಾಲೆಯಲ್ಲೇ ಕಲಿಯಬಲ್ಲವರು.

ಕೆಲವು ಆಡಳಿತ ಮಂಡಳಿಗಳಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಪ್ರಮತಿ ತೀರ್ಪಿನಲ್ಲಿ ಹೇಳಿದ್ದು ನಿಜ. ಆ ತೀರ್ಪಿನ ಬಗ್ಗೆಯೇ 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಬೇಕೆಂದು ಕೇಳಿತು. ಅದೇನೇ ಇರಲಿ, ವಿಕಲಚೇತನರ ಹಕ್ಕುಗಳ ಕಾಯ್ದೆ ಬೇರೆಯೇ ಕಾನೂನು. ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳೂ ತಾರತಮ್ಯವಿಲ್ಲದೆ ಇಂತಹ ಮಕ್ಕಳನ್ನು ಸೇರಿಸಿಕೊಳ್ಳುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಪ್ರತ್ಯೇಕ ವಿನಾಯಿತಿಯ ಮಾತಿಲ್ಲ. ನಮ್ಮ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ನಾವು, ನಮಗಿಂತ ದುರ್ಬಲವಾದ ಮಗುವಿನ ಹಕ್ಕಿಗೆ ಅಡ್ಡ ನಿಲ್ಲುವುದು ಸರಿಯೇ?

ಖರ್ಚಿನ ಪ್ರಶ್ನೆ ನಿಜವಾದ ಪ್ರಶ್ನೆಯೇ. ಇನ್ನೂರು ಮಕ್ಕಳ ಕನ್ನಡ ಮಾಧ್ಯಮ ಶಾಲೆಗೆ ಇರುವ ಶಿಕ್ಷಕರ ಸಂಬಳ ಹೊಂದಿಸುವುದೇ ಕಷ್ಟವಾಗಿರುವಾಗ ಇನ್ನೊಬ್ಬ ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಿ ಎಂದರೆ ಹೇಗೆ? ಇದಕ್ಕೆ ಒಂದು ದಾರಿಯಿದೆ. ಹತ್ತಿರ ಹತ್ತಿರದ ನಾಲ್ಕೈದು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಿಕೊಂಡು ವಾರದ ದಿನಗಳನ್ನು ಹಂಚಿಕೊಳ್ಳಬಹುದು. ಪಕ್ಕದ ವಿಶೇಷ ಶಾಲೆಯ ಅನುಭವಿ ಶಿಕ್ಷಕಿಯರು ಬೇಸಿಗೆ ರಜೆಯಲ್ಲಿ ಸಾಮಾನ್ಯ ಶಾಲೆಯವರಿಗೆ ತರಬೇತಿ ಕೊಡಬಹುದು. ಗದುಗಿನ ಆಶ್ರಮ ನಾಟಕ ಆಡಿ ಮಕ್ಕಳಿಗೆ ಅನ್ನ ಹಾಕಿತು. ವಾರ್ಷಿಕ ಹಬ್ಬದ ಸಂತರ್ಪಣೆಗೆ, ಧ್ವನಿವರ್ಧಕಕ್ಕೆ, ದೀಪಾಲಂಕಾರಕ್ಕೆ ಹಣ ಒದಗಿಸಬಲ್ಲ ನಮ್ಮ ಊರುಗಳಿಗೆ ಒಬ್ಬ ಶಿಕ್ಷಕರ ಸಂಬಳದ ಪಾಲು ಭಾರವಾಗದು.

ಧರ್ಮಕೇಂದ್ರದ ಮಟ್ಟದಲ್ಲಿ

ಪಾಲನಾ ಮಂಡಳಿಗಳು, ಗುರಿಕಾರರು, ಕಾರ್ಯಕರ್ತರು ತಕ್ಷಣ ಕೈಗೆತ್ತಿಕೊಳ್ಳಬಹುದಾದ ಕೆಲಸಗಳನ್ನು ಇಲ್ಲಿ ಸೂಚಿಸುತ್ತೇವೆ.

ಪ್ರತಿ ವಾಳೆಯಲ್ಲಿ ಹದಿನೆಂಟು ವರ್ಷದೊಳಗಿನ ಅಂಗವಿಕಲ ಮಕ್ಕಳು ಎಷ್ಟಿದ್ದಾರೆ, ಯಾರು ಶಾಲೆಗೆ ಹೋಗುತ್ತಿದ್ದಾರೆ, ಯಾರು ಮನೆಯಲ್ಲೇ ಉಳಿದಿದ್ದಾರೆ ಎಂದು ಗುರಿಕಾರರು ಪಟ್ಟಿ ಮಾಡಲಿ. ಜಾತಿ, ಮತ ನೋಡದೆ ನೆರೆಮನೆಯ ಮಕ್ಕಳೂ ಅದರಲ್ಲಿರಲಿ. ಎಷ್ಟೋ ಮನೆಗಳಲ್ಲಿ ಇಂತಹ ಮಗುವನ್ನು ನೆಂಟರ ಕಣ್ಣಿಗೂ ಬೀಳದಂತೆ ಒಳಗಿಡುತ್ತಾರೆ. ಆ ಬಾಗಿಲು ತಟ್ಟಲು ಪರಿಚಯದ ಮುಖವೇ ಬೇಕು.

ಗುರುತಿನ ಚೀಟಿ ಇಲ್ಲದವರಿಗೆ ಅರ್ಜಿ ಹಾಕಲು ಯುವಜನರು ನೆರವಾಗಲಿ. ಬಸ್ ಪಾಸು, ವಿದ್ಯಾರ್ಥಿವೇತನ, ಮೀಸಲು ಸೀಟು ಇವಕ್ಕೆಲ್ಲ ಅದೇ ಕೀಲಿಕೈ. ಎಸ್ಸೆಸ್ಸೆಲ್ಸಿಯ ರಿಯಾಯಿತಿಗಳಿಗೆ ಕೊನೆಯ ಗಳಿಗೆಯಲ್ಲಿ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಕಾಗದಪತ್ರ ಸಿದ್ಧಪಡಿಸಿಕೊಳ್ಳಲಿ. ಪರೀಕ್ಷೆ ಬರೆದುಕೊಡಲು ಸ್ವಯಂಸೇವಕರ ಪಟ್ಟಿಯೊಂದನ್ನು ಸಿದ್ಧವಿಟ್ಟುಕೊಳ್ಳುವುದು ಯುವ ಸಂಘಟನೆಗಳಿಗೆ ದೊಡ್ಡ ಮಾತಲ್ಲ. ಶಾಲೆಗೆ, ಸಭಾಭವನಕ್ಕೆ, ಚರ್ಚಿಗೆ ಇಳಿಜಾರು ದಾರಿಯೂ ಗಾಲಿಕುರ್ಚಿ ಹೋಗಬಲ್ಲ ಶೌಚಾಲಯವೂ ಇವೆಯೇ ಎಂದು ಒಮ್ಮೆ ನೋಡಿ ಬರಲಿ.

ಕೊನೆಯದು ಫಲಿತಾಂಶದ ಫಲಕ. ಮುಂದಿನ ವರ್ಷ ಅದನ್ನು ಕಟ್ಟುವಾಗ ಮುಖ್ಯೋಪಾಧ್ಯಾಯರು ಇನ್ನೊಂದು ಸಾಲು ಸೇರಿಸಲಿ: ವಿಶೇಷ ಅಗತ್ಯವುಳ್ಳ ಎಷ್ಟು ಮಕ್ಕಳು ನಮ್ಮಲ್ಲಿ ಕಲಿತು ಪರೀಕ್ಷೆಗೆ ಕೂತರು ಎಂಬ ಸಂಖ್ಯೆ. ಅಲ್ಲಿ ಸೊನ್ನೆ ಇದ್ದರೆ ಪೋಷಕರ ಸಭೆಯಲ್ಲಿ ಏಕೆ ಎಂದು ಕೇಳುವ ಧೈರ್ಯ ನಮಗಿರಲಿ. ಅಂತಹ ಮಕ್ಕಳಿದ್ದು ಫಲಿತಾಂಶ ನೂರರಿಂದ ತೊಂಬತ್ತೈದಕ್ಕೆ ಇಳಿದಿದ್ದರೆ ಆ ಶಾಲೆಯನ್ನೇ ಮೊದಲು ಅಭಿನಂದಿಸೋಣ, ನಮ್ಮ ಮಕ್ಕಳನ್ನು ಅಲ್ಲಿಗೇ ಸೇರಿಸೋಣ.